ಯಂತ್ರದ ಆಚೆಗೂ ಈಚೆಗೂ ಇರುವ ರೋಗನಿದಾನ

ಬೆಳಗಿನ ಜಾವ ತಲೆನೋವೆಂದು ಎದ್ದು, ಒಂದೆರಡು ಬಾರಿ ವಾಂತಿ ಮಾಡಿಕೊಂಡು, ಹೊತ್ತೇರಿದಂತೆ ಚೇತರಿಸಿಕೊಂಡು ಆಟಕ್ಕೆ ಓಡುವ ಮಗುವಿಗೆ ಪಿತ್ತವೆಂದೋ ಜಂತುಹುಳುವೆಂದೋ ಔಷಧ ಕೊಡಿಸುವುದು ನಮ್ಮ ಮನೆಗಳಲ್ಲಿ ವಾಡಿಕೆ. ಬಹುಮಟ್ಟಿಗೆ ಕಾರಣ ಗಂಭೀರವಾದುದಾಗಿರುವುದೂ ಇಲ್ಲ. ಆದರೆ ಅದೇ ಲಕ್ಷಣ ವಾರಗಟ್ಟಲೆ ಮರುಕಳಿಸಿ, ಅದರೊಡನೆ ನಡಿಗೆ ತೂರಾಡತೊಡಗಿ, ಕಣ್ಣು ಹೊಸದಾಗಿ ಮೆಳ್ಳೆಯಾಗಿ, ಕತ್ತು ಒಂದು ಕಡೆಗೆ ವಾಲಿತೆಂದರೆ, ದೋಷವಿರುವುದು ಹೊಟ್ಟೆಯಲ್ಲಲ್ಲ, ತಲೆಯ ಹಿಂಭಾಗದಲ್ಲಿ ಎಂಬ ಶಂಕೆ ವೈದ್ಯನ ಮನಸ್ಸಿನಲ್ಲಿ ಹುಟ್ಟಲೇಬೇಕು.

ದೇಹದ ಸಮತೋಲವನ್ನು ಕಾಯುವ ಅನುಮಸ್ತಿಷ್ಕವೂ, ಉಸಿರು, ನುಂಗುವಿಕೆ, ಕಣ್ಣಿನ ಚಲನೆಗಳನ್ನು ಆಳುವ ಮೆದುಳಿನ ಕಾಂಡವೂ ಕಪಾಲದ ತಳದ ಇಕ್ಕಟ್ಟಾದ ಕುಹರವೊಂದರಲ್ಲಿ ಒತ್ತೊತ್ತಾಗಿರುವುದರಿಂದಲೂ, ಅವೆರಡರ ನಡುವಣ ಕಿರಿದಾದ ಹಾದಿಯಲ್ಲಿಯೇ ಮೆದುಳಿನ ದ್ರವ ಹರಿಯಬೇಕಾಗಿರುವುದರಿಂದಲೂ, ಅಲ್ಲಿ ಬೆಳೆಯುವ ಸಣ್ಣ ಅರ್ಬುದವೂ ದ್ರವವನ್ನು ತಡೆದು ತಲೆಯೊಳಗಿನ ಒತ್ತಡವನ್ನೇರಿಸಬಲ್ಲದು. ರಾತ್ರಿಯೆಲ್ಲ ಮಲಗಿದ್ದಾಗ ಆ ಒತ್ತಡ ಇನ್ನಷ್ಟು ಹೆಚ್ಚುವುದರಿಂದಲೇ ಬೆಳಗಿನ ವಾಂತಿ. ಹಿಮ್ಮಡಿಗೆ ಹೆಬ್ಬೆರಳು ತಾಗುವಂತೆ ಗೆರೆಯ ಮೇಲೆ ಹತ್ತು ಹೆಜ್ಜೆ ನಡೆಸುವುದು, ಬೆರಳಿನಿಂದ ಮೂಗು ಮುಟ್ಟಿಸುವುದು, ಕಣ್ಣಿನೊಳಗೆ ಬೆಳಕು ಹಾಯಿಸಿ ದೃಷ್ಟಿನರದ ಬುಡ ಊದಿಕೊಂಡಿದೆಯೇ ಎಂದು ನೋಡುವುದು: ಇಷ್ಟಕ್ಕೆ ಕೆಲವು ನಿಮಿಷಗಳೂ ಒಂದು ಪುಟ್ಟ ಉಪಕರಣವೂ ಸಾಕು.

ಇಂಥ ರೋಗ ವಿರಳವಾದುದರಿಂದ ತಲೆನೋವೆಂದ ಮಕ್ಕಳನ್ನೆಲ್ಲ ಸ್ಕ್ಯಾನಿಂಗಿಗೆ ಕಳಿಸಲಾದೀತೇ ಎಂದು ಕೇಳುವವರುಂಟು. ಕಳಿಸಬೇಕಾಗಿಲ್ಲ, ಯಾರನ್ನು ಕಳಿಸಬೇಕೆಂಬುದನ್ನು ನಿರ್ಣಯಿಸುವುದಕ್ಕಾಗಿಯೇ ಈ ಪರೀಕ್ಷೆ. ಬ್ರಿಟನ್ನಿನಲ್ಲಿ ವೈದ್ಯರಿಗೆ ಮಾರ್ಗಸೂಚಿ ರಚಿಸಿ, 2011ರಲ್ಲಿ ‘ಹೆಡ್‌ಸ್ಮಾರ್ಟ್’ ಎಂಬ ಜನಜಾಗೃತಿಯನ್ನೂ ಕೈಗೊಂಡ ಮೇಲೆ, ಮಕ್ಕಳ ಮೆದುಳಿನ ಗಡ್ಡೆಯನ್ನು ಪತ್ತೆಹಚ್ಚಲು ಹಿಡಿಯುತ್ತಿದ್ದ ಸುಮಾರು 14 ವಾರಗಳ ಕಾಲ ಕೆಲವೇ ವರ್ಷಗಳಲ್ಲಿ 7 ವಾರಕ್ಕೂ ಕೆಳಗಿಳಿಯಿತು.

ಶಂಕೆ ಹುಟ್ಟಿದ ಮೇಲೆ ಯಂತ್ರದ ಸರದಿ. ಇಲ್ಲಿಯೂ ಒಂದು ಎಚ್ಚರ ಬೇಕು: ಆ ಕುಹರವನ್ನು ಸುತ್ತುವರಿದ ದಪ್ಪ ಮೂಳೆಯಿಂದಾಗಿ ಸಿ.ಟಿ. ಚಿತ್ರದಲ್ಲಿ ಕಾಂಡದ ಭಾಗ ಮಸುಕಾಗಿ, ಗಡ್ಡೆ ಕಣ್ತಪ್ಪಿಸಿಕೊಳ್ಳುವುದುಂಟಾದ್ದರಿಂದ, ‘ಸಿ.ಟಿ.ಯಲ್ಲಿ ಏನೂ ಇಲ್ಲ’ ಎಂಬ ಮಾತನ್ನೇ ಕಡೆಯ ಮಾತೆಂದು ನಂಬಲಾಗದು, ಎಂ.ಆರ್.ಐ. ಬೇಕಾಗುತ್ತದೆ. ಆದರೆ ಅದು ಕೊಡುವುದೂ ಚಿತ್ರವನ್ನೇ ಹೊರತು ಯಾವಾಗಲೂ ರೋಗದ ಹೆಸರನ್ನಲ್ಲ. ಕ್ಷಯವಿನ್ನೂ ಮನೆಮಾಡಿಕೊಂಡಿರುವ ನಮ್ಮ ದೇಶದಲ್ಲಿ ಕಾಂಡದಲ್ಲಿ ಕಂಡ ಗಡ್ಡೆ ಔಷಧಕ್ಕೆ ಕರಗುವ ಕ್ಷಯದ ಗಂಟೇ ಆಗಿರಬಹುದು. ಅದನ್ನು ಅರ್ಬುದವೆಂದು ಬಗೆದು ವಿಕಿರಣ ಕೊಟ್ಟರೆ ಆಗುವ ಅನರ್ಥವನ್ನು ಹೇಳಬೇಕಾಗಿಲ್ಲ.

ಹೆಸರಿನ ನಿಷ್ಕರ್ಷೆ ಎಷ್ಟು ದೂರ ಪ್ರಯೋಜನಕ್ಕೆ ಬರುವುದೆಂಬುದಕ್ಕೆ ಲೆರ್ಮಿಟ್–ಡುಕ್ಲೋ ರೋಗ ನಿದರ್ಶನ. 1920ರಲ್ಲಿ ಫ್ರಾನ್ಸಿನ ಇಬ್ಬರು ವೈದ್ಯರು ವರ್ಣಿಸಿದ, ಎಂ.ಆರ್.ಐ.ಯಲ್ಲಿ ಹುಲಿಯ ಮೈಯ ಪಟ್ಟೆಗಳಂತೆ ತೋರುವ, ಅನುಮಸ್ತಿಷ್ಕದ ಈ ಅತಿ ವಿರಳ ಗಡ್ಡೆ ಸ್ವತಃ ಮೆಲ್ಲಗೆ ಬೆಳೆಯುವಂಥದು. ಆದರೆ ವಯಸ್ಕರಲ್ಲಿ ಅದು ‘ಪಿಟೆನ್’ ಎಂಬ ವಂಶವಾಹಿಯ ದೋಷದೊಡನೆ ಹೆಣೆದುಕೊಂಡಿರುವುದು ಹೆಚ್ಚಾದ್ದರಿಂದ, ಅದನ್ನು ಸರಿಯಾಗಿ ಗುರುತಿಸಿದ ವೈದ್ಯನು ಆ ದೋಷದಿಂದ ಅರ್ಬುದ ತಲೆದೋರಬಹುದಾದ ರೋಗಿಯ ಸ್ತನ, ಥೈರಾಯ್ಡುಗಳ ಮೇಲೂ ಕಣ್ಣಿಡಬಲ್ಲನು. ಬೈಲಿ ಮತ್ತು ಕುಶಿಂಗ್ 1925ರಲ್ಲಿ ಹೆಸರಿಟ್ಟ, ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಮೆಡುಲ್ಲೊಬ್ಲಾಸ್ಟೋಮ ಎಂಬ ಅರ್ಬುದವಾದರೋ ಇಂದು ನಾಲ್ಕು ಮುಖ್ಯ ಪಂಗಡಗಳಾಗಿ ವಿಂಗಡವಾಗಿದೆ. ಅವುಗಳಲ್ಲೊಂದು ಚಿಕಿತ್ಸೆಗೆ ಚೆನ್ನಾಗಿ ಬಗ್ಗುವುದು, ಮತ್ತೊಂದು ಬಹಳ ಹಟಮಾರಿ. ಮೆದುಳಿನ ಕಾಂಡದ ನಡುಭಾಗದಲ್ಲಿ ಹಬ್ಬುವ ಗ್ಲಯೋಮ ಎಂಬ ಅರ್ಬುದವನ್ನು ಸೂಜಿಯಿಂದ ಮುಟ್ಟುವುದೇ ಅಪಾಯವೆಂದು ದಶಕಗಳ ಕಾಲ ಚಿತ್ರವೊಂದನ್ನೇ ನಂಬಿದ್ದರು. ಕರಾರುವಾಕ್ಕಾಗಿ ಗುರಿಯಿಟ್ಟು ತುಣುಕು ತೆಗೆಯುವ ವಿಧಾನ ಸಾಕಷ್ಟು ಸುರಕ್ಷಿತವೆಂದು ಫ್ರೆಂಚ್ ಶಸ್ತ್ರವೈದ್ಯರು ತೋರಿಸಿದರು. 2012ರಲ್ಲಿ ಹಿಸ್ಟೋನ್ ಎಂಬ ಪ್ರೋಟೀನಿನ ವಿಕೃತಿ ಪತ್ತೆಯಾಗಿ, 2016ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಆ ರೋಗವೇ ಬೇರೆಯಾಗಿ ನಿಂತಿತು.

ಹೀಗಿರಲು ನಾವು ಮಾಡುತ್ತಿರುವುದೇನು? ಯಂತ್ರವನ್ನು ತರುವುದಕ್ಕೆ ತೋರುವ ಉತ್ಸಾಹವನ್ನು ಅದರ ಹಿಂದಿನ ಶಂಕೆಗೂ ಮುಂದಿನ ಅಂಗಾಂಶಪರೀಕ್ಷೆಗೂ ತೋರುತ್ತಿಲ್ಲ. ಉದ್ಘಾಟನೆಯ ಫಲಕ ಹಾಕಿಸಿಕೊಳ್ಳುವ ಭಾಗ್ಯ ಅವೆರಡಕ್ಕೂ ಇಲ್ಲವಷ್ಟೆ. ಶಾಲೆ, ಅಂಗನವಾಡಿಗಳಿಗೆ ಹೋಗಿ ಮಕ್ಕಳನ್ನು ಪರೀಕ್ಷಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳಿಗೆ ಮಗುವಿನ ನಡಿಗೆಯನ್ನೂ ಕಣ್ಣನ್ನೂ ನೋಡುವ ಅಭ್ಯಾಸ ಮಾಡಿಸುವುದು, ಎಲ್ಲಿ ಶಸ್ತ್ರಚಿಕಿತ್ಸೆಯಾದರೂ ಅಂಗಾಂಶದ ತುಣುಕು ನಿಮ್ಹಾನ್ಸ್‌ನಂಥ ಕೇಂದ್ರಕ್ಕೆ ತಪ್ಪದೆ ತಲಪುವಂತೆ ಏರ್ಪಡಿಸುವುದು, ಅಣುಮಟ್ಟದ ಪರೀಕ್ಷೆಯ ವೆಚ್ಚವನ್ನೂ ಸರ್ಕಾರದ ವಿಮೆಯಲ್ಲಿ ಸೇರಿಸುವುದು, ಈ ಮೂರೂ ಹೊಸ ಕಟ್ಟಡವನ್ನು ಬೇಡವು. ಮೆದುಳಿನ ಕಾಂಡದ ಕೆಲವು ಅರ್ಬುದಗಳಿಗೆ ಇಂದಿಗೂ ಪೂರ್ಣ ಪರಿಹಾರವಿಲ್ಲವೆಂಬುದು ನಿಜ. ಆದರೆ ಗುಣವಾಗಬಲ್ಲ ಗಡ್ಡೆಗೆ ತಡವಾಗಿ ಹೆಸರಿಡುವುದಕ್ಕೂ, ಕ್ಷಯಕ್ಕೆ ಅರ್ಬುದವೆಂಬ ಹೆಸರಿಡುವುದಕ್ಕೂ ವಿಜ್ಞಾನದ ಮಿತಿಯನ್ನು ನೆಪಮಾಡುವ ಅಧಿಕಾರ ನಮಗಿಲ್ಲ.