ಕರೀಮಾರ ಹೆಸರನ್ನು ಅಳಿಸಿದವರು ಯಾರು?

2025ರ ಜನವರಿಯಲ್ಲಿ ಫಾತಿಮಾ ಶೇಖ್ ಎಂಬ ಹೆಸರು ದೇಶದಾದ್ಯಂತ ಚರ್ಚೆಗೆ ಗ್ರಾಸವಾಯಿತು. ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರೊಂದಿಗೆ ಹೆಣ್ಣು ಮಕ್ಕಳ ಶಿಕ್ಷಣಕ್ಕಾಗಿ ದುಡಿದವರೆಂದು ಸ್ಮರಿಸಲಾಗುವ ಈ ಮಹಿಳೆ ವಾಸ್ತವದಲ್ಲಿ ಇರಲೇ ಇಲ್ಲ, ಅದು ತಾನು ಕಟ್ಟಿದ ಪಾತ್ರ ಎಂದು ಲೇಖಕರೊಬ್ಬರು ಘೋಷಿಸಿದರು. ಆದರೆ 1856ರ ಅಕ್ಟೋಬರ್ 10ರಂದು ಸಾವಿತ್ರಿಬಾಯಿ ತಮ್ಮ ತವರಿನಿಂದ ಪತಿ ಜೋತಿಬಾರಿಗೆ ಬರೆದ ಪತ್ರದಲ್ಲಿ ಫಾತಿಮಾರ ಹೆಸರಿದೆ. ತಾನಿಲ್ಲದ ಕಾರಣ ಆಕೆಗೆ ತೊಂದರೆಯಾಗುತ್ತಿರಬಹುದು, ಆದರೂ ಆಕೆ ಗೊಣಗುವವಳಲ್ಲ ಎಂಬ ಕಳಕಳಿ ಅದರಲ್ಲಿದೆ. ಈ ಪತ್ರ ಸಾವಿತ್ರಿಬಾಯಿಯವರ ಸಮಗ್ರ ಬರಹಗಳ ಮರಾಠಿ ಸಂಪುಟದಲ್ಲಿ 1988ರಲ್ಲೇ ಅಚ್ಚಾಗಿದೆ. ಕಟ್ಟುಕತೆಯ ವಾದಕ್ಕೆ ಇಷ್ಟು ಉತ್ತರ ಸಾಕು.

ಸಮುದಾಯ ಸಹಜವಾಗಿಯೇ ಆಕ್ರೋಶಗೊಂಡಿತು. ನಮ್ಮ ಚರಿತ್ರೆಯನ್ನು ಅಳಿಸಲಾಗುತ್ತಿದೆ ಎಂಬ ಮಾತು ಎಲ್ಲೆಡೆ ಕೇಳಿಬಂತು. ಆ ಆರೋಪದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಒಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕಾಗಿದೆ. ಫಾತಿಮಾರ ಕುರಿತು ಬಹಳಷ್ಟನ್ನು ನಾವು ತಿಳಿದುಕೊಂಡದ್ದು ಫುಲೆ ದಂಪತಿಯ ಚರಿತ್ರೆಯನ್ನು ಜತನದಿಂದ ಕಾಯ್ದುಕೊಂಡವರ ಮೂಲಕ. ನಾವಾಗಿ ಕಾಯ್ದುಕೊಂಡದ್ದೇನು?

ಇದಕ್ಕೆ ಉತ್ತರ ನಮ್ಮ ಮದ್ರಸಾಗಳ ಕಪಾಟಿನಲ್ಲೇ ಇದೆ. ಸಹೀಹ್ ಬುಖಾರಿಯನ್ನು ಅಭ್ಯಸಿಸುವ ವಿದ್ಯಾರ್ಥಿ ಇಬ್ನು ಹಜರ್‌ರ ಫತ್ಹುಲ್ ಬಾರಿ ವ್ಯಾಖ್ಯಾನವನ್ನು ತಿರುವಿ ಹಾಕುವಾಗ 'ಕರೀಮಾರ ರಿವಾಯತ್‌ನಲ್ಲಿ ಹೀಗಿದೆ' ಎಂಬ ಉಲ್ಲೇಖ ಮತ್ತೆ ಮತ್ತೆ ಎದುರಾಗುತ್ತದೆ. ಅಂದರೆ ಬುಖಾರಿಯ ಪಾಠಾಂತರಗಳನ್ನು ತೂಗಿ ನೋಡುವಾಗ ವ್ಯಾಖ್ಯಾನಕಾರರು ಆಕೆಯ ಪ್ರತಿಯನ್ನು ಪ್ರಮಾಣವಾಗಿ ಪರಿಗಣಿಸಿದ್ದಾರೆ. ಆ ಪುಟಗಳನ್ನು ನಾವೂ ಓದಿದ್ದೇವೆ. ಈ ಕರೀಮಾ ಯಾರೆಂದು ನಾವು ಕೇಳಲಿಲ್ಲ, ನಮಗೆ ಯಾರೂ ಹೇಳಲೂ ಇಲ್ಲ.

ಕರೀಮಾ ಬಿಂತ್ ಅಹ್ಮದ್ ಮರ್ವಝಿಯ್ಯ ಮಕ್ಕಾದಲ್ಲಿ ನೆಲೆಸಿ ಬುಖಾರಿಯನ್ನು ಬೋಧಿಸಿದ ವಿದುಷಿ. ಅಲ್ ಕುಶ್ಮೈಹನಿಯವರಿಂದ ಗ್ರಂಥವನ್ನು ಕೇಳಿ ಪಡೆದವರು. ಬಗ್ದಾದಿನ ಮಹಾನ್ ಇತಿಹಾಸಕಾರ ಖತೀಬ್ ಬಗ್ದಾದಿ ಹಜ್ಜ್‌ಗೆಂದು ಬಂದಾಗ ಐದು ದಿನಗಳಲ್ಲಿ ಇಡೀ ಸಹೀಹನ್ನು ಆಕೆಯೆದುರು ಓದಿ ಮುಗಿಸಿದರು. ಯಾರಿಗೇ ಪಾಠ ಕೊಟ್ಟರೂ ತನ್ನ ಮೂಲ ಪ್ರತಿಯೊಂದಿಗೆ ಹೋಲಿಸಿ ನೋಡದೆ ಆಕೆ ಬಿಡುತ್ತಿರಲಿಲ್ಲವೆಂದು ಇಮಾಮ್ ಝಹಬಿ ದಾಖಲಿಸಿದ್ದಾರೆ. ಹಿಜರಿ 463ರಲ್ಲಿ ನಿಧನರಾದಾಗ ನೂರರ ಸಮೀಪದ ವಯಸ್ಸು. ಡಾ. ಮುಹಮ್ಮದ್ ಅಕ್ರಮ್ ನದ್ವಿ ಇಂತಹ ಮಹಿಳೆಯರನ್ನು ಹುಡುಕಲು ಹೊರಟಾಗ ಕೆಲವೇ ಹೆಸರುಗಳು ಸಿಗಬಹುದೆಂದು ಭಾವಿಸಿದ್ದರು. ಕೊನೆಗೆ ಆ ಗ್ರಂಥ 43 ಸಂಪುಟಗಳಿಗೆ ಬೆಳೆಯಿತು. ಅಷ್ಟೂ ಹೆಸರುಗಳು ನಮ್ಮದೇ ಗ್ರಂಥಗಳಲ್ಲಿದ್ದವು. ಅವನ್ನು ಅಳಿಸಲು ಹೊರಗಿನವರು ಯಾರೂ ಬಂದಿರಲಿಲ್ಲ.

ಈ ಮರೆವಿಗೆ ಬೆಲೆ ತೆತ್ತವರು ಹೆಣ್ಣು ಮಕ್ಕಳು. ಹೆಣ್ಣಿಗೆ ಅಕ್ಷರ ಕಲಿಸುವುದೇ ಹೊಸ ಪಿಡುಗು ಎಂಬ ವಾದಕ್ಕೆ ಬಲ ಬಂದದ್ದು ಇಂತಹ ಅಧ್ಯಾಪಕಿಯರು ನೆನಪಿನಿಂದ ಮರೆಯಾದ ಬಳಿಕ. ಬಂಗಾಲದ ಬೇಗಮ್ ರೊಕಿಯಾ ಸಖಾವತ್ ಹುಸೈನ್ 1911ರಲ್ಲಿ ಕಲ್ಕತ್ತಾದಲ್ಲಿ ಎಂಟು ಬಾಲಕಿಯರೊಂದಿಗೆ ಶಾಲೆ ಆರಂಭಿಸಿದರು. ಪರ್ದಾ ಪಾಲನೆಗೆಂದು ಶಾಲೆಯ ಬಸ್ಸನ್ನು ಗಾಳಿಯಾಡದಂತೆ ಮುಚ್ಚಿದಾಗ ಮಕ್ಕಳು ಕತ್ತಲೆಯಲ್ಲಿ ಮೂರ್ಛೆ ಹೋದರು. ಪರದೆಯನ್ನು ತುಸು ಸಡಿಲಿಸಿದಾಗ ಮುಸ್ಲಿಮ್ ಸಹೋದರರಿಂದಲೇ ಬೆದರಿಕೆಯ ಪತ್ರಗಳು ಬಂದವು. ಇದನ್ನು ರೊಕಿಯಾ ಸ್ವತಃ ಬರೆದಿಟ್ಟಿದ್ದಾರೆ. ಕರೀಮಾರ ಮುಂದೆ ಮಂಡಿಯೂರಿ ಕೂತ ಖತೀಬ್ ಬಗ್ದಾದಿಯ ಚಿತ್ರ ಆ ಪತ್ರ ಬರೆದವರ ಮನಸ್ಸಿನಲ್ಲಿ ಇದ್ದಿದ್ದರೆ ಅವರ ಲೇಖನಿ ತಡೆಯುತ್ತಿರಲಿಲ್ಲವೇ? ಅಲೀಗಢದ ಕಥೆಯೂ ಯೋಚಿಸತಕ್ಕದ್ದು. 1920ರಲ್ಲಿ ಅಲ್ಲಿನ ಮುಸ್ಲಿಮ್ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿಯಾದವರು ಭೋಪಾಲದ ಸುಲ್ತಾನ್ ಜಹಾನ್ ಬೇಗಮ್. ಅದೇ ವಿಶ್ವವಿದ್ಯಾಲಯಕ್ಕೆ ಮೊದಲ ಮಹಿಳಾ ಕುಲಪತಿ ದೊರೆತದ್ದು 2024ರಲ್ಲಿ!

ನಮ್ಮ ಕರ್ನಾಟಕದಲ್ಲಿ 2022ರ ಹಿಜಾಬ್ ವಿವಾದದ ದಿನಗಳಲ್ಲಿ ಕಾಲೇಜಿನ ಗೇಟಿನ ಹೊರಗೆ ನಿಂತ ವಿದ್ಯಾರ್ಥಿನಿಯರ ಪರವಾಗಿ ನಾವು ಶಿಕ್ಷಣದ ಹಕ್ಕನ್ನು ಗಟ್ಟಿಯಾಗಿ ಪ್ರತಿಪಾದಿಸಿದೆವು. ಅದು ನ್ಯಾಯವೇ ಆಗಿತ್ತು. ಅದೇ ಗಟ್ಟಿ ಧ್ವನಿ, ಮಗಳ ಓದನ್ನು ಅರ್ಧಕ್ಕೆ ನಿಲ್ಲಿಸಿ ಮದುವೆ ಗೊತ್ತು ಮಾಡುವ ಮನೆಗಳ ಮುಂದೆಯೂ ಕೇಳಬೇಕಿದೆ.

ಮದ್ರಸಾ ಪಠ್ಯಗಳನ್ನು ಸಿದ್ಧಪಡಿಸುವ ವಿದ್ವಾಂಸರಲ್ಲಿ ನಮ್ಮದೊಂದು ಮನವಿಯಿದೆ. ಬುಖಾರಿಯನ್ನು ಪರಿಚಯಿಸುವ ಪಾಠದಲ್ಲಿ ಕರೀಮಾರಿಗೆ ಒಂದು ಪುಟ ಕೊಡಿ. ಅದನ್ನು ಹುಡುಗರ ತರಗತಿಯಲ್ಲೂ ಓದಿಸಿ. ಜಮಾಅತ್ ಸಮಿತಿಗಳು ಮಾಡಬಹುದಾದ ಕೆಲಸ ಇನ್ನೂ ಸುಲಭದ್ದು. ಮನೆಯ ಜಗಲಿಯಲ್ಲಿ ಕುಳಿತು ಎರಡು ಮೂರು ತಲೆಮಾರಿನ ಮಕ್ಕಳಿಗೆ ಕುರ್‌ಆನ್ ಓದಿಸಿದ ವೃದ್ಧ ತಾಯಂದಿರು ನಮ್ಮ ಎಷ್ಟೋ ಮೊಹಲ್ಲಾಗಳಲ್ಲಿ ಇಂದಿಗೂ ಇದ್ದಾರೆ. ಊರೇ ಅವರನ್ನು 'ಆಪಾ' ಎಂದು ಕರೆಯುವುದರಿಂದ ನಿಜವಾದ ಹೆಸರು ಅನೇಕರಿಗೆ ಗೊತ್ತಿಲ್ಲ. ಅವರ ಹೆಸರು, ಯಾರಿಂದ ಕಲಿತರು, ಎಷ್ಟು ವರ್ಷ ಕಲಿಸಿದರು ಎಂಬುದನ್ನು ಈ ವರ್ಷವೇ ಮಸೀದಿಯ ದಫ್ತರಿನಲ್ಲಿ ಬರೆದಿಡಿ. ಆ ಮನೆಗೆ ಹೋಗುವಾಗ ಅವರಲ್ಲಿ ಓದಿದ ಹುಡುಗಿಯೊಬ್ಬಳನ್ನೂ ಜೊತೆಗೆ ಕರೆದುಕೊಂಡು ಹೋಗಿ, ಲೇಖನಿಯನ್ನು ಆಕೆಯ ಕೈಗೇ ಕೊಡಿ.