ವಿಮಾನದ ಹಳೆಯ ಎಂಜಿನ್ನು: ಮಾರುವುದೋ, ಉಳಿಸುವುದೋ?

ಫೋಕ್ಸ್‌ವ್ಯಾಗನ್ ಬೀಟ್ಲ್ ಕಾರಿನ ಎಂಜಿನ್ನನ್ನು ಮಾರ್ಪಡಿಸಿ ಹಗುರ ವಿಮಾನಗಳಿಗೆ ಜೋಡಿಸುವ ರೂಢಿಯುಂಟು. ಅಂಥದೊಂದು ಶಿಕಾರಿಪುರಕ್ಕೋ ಸೊರಬಕ್ಕೋ ಬಂದುದಾದರೆ ಏನು ಮಾಡಬೇಕು? ಅಡಕೆ ತೋಟಕ್ಕೆ ನೀರೆತ್ತಿಸಬಹುದೆಂದು ಕೆಲವರು ಹೇಳಿಯಾರು. ಆದರೆ ವಿಮಾನಕ್ಕೆ ಹೊಂದಿಸುವಾಗ ಕಾರಿನ ಬೀಸಣಿಗೆಯನ್ನು ಸಾಮಾನ್ಯವಾಗಿ ತೆಗೆದಿರುತ್ತಾರೆ. ಹಾರುವಾಗ ಎದುರುಗಾಳಿಯೇ ಅದನ್ನು ತಣಿಸುವುದು. ನಿಂತಲ್ಲೇ ಓಡಿಸಿದರೆ ಬೇಗನೆ ಕಾದು ಕೆಡುವುದು. ಬೀಸಣಿಗೆ ಕೂಡಿಸಿದರೂ, 5 ಅಶ್ವಶಕ್ತಿಯ ಕೆಲಸಕ್ಕೆ ಸುಮಾರು 50 ಅಶ್ವಶಕ್ತಿಯ ಪೆಟ್ರೋಲ್ ಯಂತ್ರ ದುಂದೇ ಸರಿ.

ಹಾರಾಟಕ್ಕೆ ಮಾರುವುದಾದರೆ, ಎಷ್ಟು ಗಂಟೆ ಓಡಿತು, ಏನು ದುರಸ್ತಿಯಾಯಿತು ಎಂಬ ದಾಖಲೆ ಇರಲೇಬೇಕು. ರಸ್ತೆಯಲ್ಲಿ ಎಂಜಿನ್ನು ನಿಂತರೆ ಕಾರನ್ನು ಪಕ್ಕಕ್ಕೆ ಸರಿಸಬಹುದು. ಆಕಾಶದಲ್ಲಿ ಕೊಂಡವನ ಪ್ರಾಣವೇ ಪಣ. ಆದುದರಿಂದ ದಾಖಲೆಯಿದ್ದರೆ ಮಾರಲಿ. ಇಲ್ಲವಾದರೆ ಅದನ್ನು ಕೊಯ್ದು, ಒಳಭಾಗ ಕಾಣುವಂತೆ ಕಾಲೇಜಿನ ಪ್ರಯೋಗಶಾಲೆಯಲ್ಲಿಡುವುದೇ ಲೇಸು. ಹಣ ಬಾರದಿದ್ದರೂ ವಿದ್ಯೆ ಬರುವುದು.