ಗಲ್ಫಿನಲ್ಲಿ ಬೆಲ್ಟ್, ನಮ್ಮ ಮಾಡಿನ ಮೇಲೆ ಬರಿಗಾಲು

ಮಳೆ ಹಿಡಿಯುವ ಮೊದಲು ತಾರಸಿಗೆ ಶೀಟ್ ಹಾಕಿಸಬೇಕು, ಒಡೆದ ಹಂಚು ಬದಲಿಸಬೇಕು. ಮೇ ತಿಂಗಳಲ್ಲಿ ನಮ್ಮ ಎಷ್ಟೋ ಮನೆಗಳಲ್ಲಿ ಇದೇ ಗಡಿಬಿಡಿ. ಮೇಲೆ ಹತ್ತುವವರಲ್ಲಿ ಅನೇಕರು ದೂರದವರು. ಇಂಡಿ ತಾಲೂಕಿನ ತಾಂಬಾ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ, ಮಳೆ ನಂಬಿದ ಹೊಲ ಬಿಟ್ಟು ಬಂದವರು. ಜಿಲ್ಲೆಯ ಹೆಸರು 2014ರಲ್ಲೇ ವಿಜಯಪುರ ಆಯಿತು. ನಮಗೆ ಮಾತ್ರ ಅವರೆಲ್ಲ ಈಗಲೂ 'ಬಿಜಾಪುರದವರು'. ಒಬ್ಬೊಬ್ಬನ ಹೆಸರು ಕೇಳುವ ಅಭ್ಯಾಸ ನಮಗೆ ಕಡಿಮೆ.

ನಾವೂ ದೂರ ಹೋಗಿ ದುಡಿದವರೇ ಅಲ್ಲವೇ? ದುಬೈ, ಜುಬೈಲ್, ದಮ್ಮಾಮ್‌ನ ದೊಡ್ಡ ಸೈಟುಗಳಲ್ಲಿ ಬೆಲ್ಟ್ ಹಾಕದವನನ್ನು ಮೇಲೆ ಬಿಡುವುದಿಲ್ಲ, ಕೊಕ್ಕೆ ಸಿಕ್ಕಿಸದಿದ್ದರೆ ಸೇಫ್ಟಿಯವನು ಕೆಳಗಿಳಿಸುತ್ತಾನೆ. ಇದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತುಂಟು. ಅದೇ ನಾವು ರಜೆಯಲ್ಲಿ ಊರಿಗೆ ಬಂದು ಮನೆ ಕಟ್ಟಿಸುವಾಗ, ಪ್ಯಾರಾಪೆಟ್ ಇಲ್ಲದ ಎರಡನೇ ಮಾಳಿಗೆಯ ಅಂಚಿನಲ್ಲಿ ಹುಡುಗ ಬರಿಗಾಲಲ್ಲಿ ನಿಂತರೆ, "ಎಂತ ಆಗುದಿಲ್ಲ, ಅವರಿಗೆ ಅಭ್ಯಾಸ ಉಂಟು" ಎನ್ನುತ್ತೇವೆ. ಅಭ್ಯಾಸ ಇದ್ದವನೂ ಪಾಚಿ ಕಟ್ಟಿದ ಹಂಚಿನ ಮೇಲೆ ಜಾರುತ್ತಾನೆ.

ಅಮೆರಿಕದಲ್ಲಿ ಕಟ್ಟಡ ಕೆಲಸದಲ್ಲಿ ಆರು ಅಡಿ ಎತ್ತರವಾದರೆ ಸಾಕು, ಬೀಳದಂತೆ ವ್ಯವಸ್ಥೆ ಕಡ್ಡಾಯ. ನಮ್ಮಲ್ಲಿ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಬಂದದ್ದೇ ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನರ ಕೆಲಸಕ್ಕೆ. ಹತ್ತು ಲಕ್ಷ ಮೀರದ ಸ್ವಂತ ಮನೆಯನ್ನು ಅದು ಹೊರಗಿಟ್ಟಿತ್ತು. ಮೂರು ನಾಲ್ಕು ಜನರ ಶೀಟ್ ಕೆಲಸ ನೋಡಲು ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಅಲ್ಲಿ ಸೇಫ್ಟಿಯವನು ಮನೆ ಯಜಮಾನನೇ.

ಬೆಲ್ಟ್ ಅಂದರೆ ಸೊಂಟಕ್ಕೆ ಕಟ್ಟುವ ಪಟ್ಟಿ ಅಲ್ಲ. ಬಿದ್ದಾಗ ಅದು ಹೊಟ್ಟೆ, ಬೆನ್ನೆಲುಬಿಗೇ ಏಟು ಕೊಡುತ್ತದೆ. ಭುಜ, ಎದೆ, ತೊಡೆ ಸುತ್ತುವ ಪೂರ್ತಿ ಬೆಲ್ಟ್ ಬೇಕು, ಕೊಕ್ಕೆಯನ್ನು ತಲೆಯ ಮಟ್ಟಕ್ಕಿಂತ ಮೇಲೆ ಗಟ್ಟಿಯಾದ ಕಡೆ ಸಿಕ್ಕಿಸಬೇಕು. ರೀಪಿಗೋ ನೀರಿನ ಪೈಪಿಗೋ ಸಿಕ್ಕಿಸಿದರೆ ಹಾಕಿದ್ದೂ ಒಂದೇ, ಹಾಕದ್ದೂ ಒಂದೇ. ಒಂದೇ ಮಾಳಿಗೆಯ ಮನೆಯಲ್ಲಿ ಹಗ್ಗ ಉದ್ದವಾದರೆ ಅದು ಬಿಗಿಯಾಗುವ ಮೊದಲೇ ಮನುಷ್ಯ ನೆಲ ಮುಟ್ಟಿರುತ್ತಾನೆ. ಅಂಥ ಕಡೆ ಸರಿಯಾದ ಸಾರುವೆ ಕಟ್ಟಿ, ಅಂಚಿಗೆ ಅಡ್ಡಗಂಬಿ ಕೊಡುವುದೇ ವಾಸಿ. ಹಳೇ ಸಿಮೆಂಟ್ ಶೀಟ್ ಇನ್ನೂ ಮೋಸ. ನೋಡಲು ಗಟ್ಟಿ, ಕಾಲಿಟ್ಟರೆ ಸೀಳುತ್ತದೆ. ಪಕ್ಕಾಸಿನಿಂದ ಪಕ್ಕಾಸಿಗೆ ಹಲಗೆ ಹಾಸಿ ಅದರ ಮೇಲೆಯೇ ನಡೆಸಬೇಕು.

ಚದರ ಅಡಿಗೆ ಎಷ್ಟು ಎಂದು ಮೇಸ್ತ್ರಿಯ ಹತ್ತಿರ ಚರ್ಚೆ ಮಾಡುತ್ತೇವಲ್ಲ, ಬೆಲ್ಟ್, ಸಾರುವೆಯ ಮಾತನ್ನೂ ಆಗಲೇ ಆಡಬೇಕು. ಕೆಲಸ ಶುರುವಾದ ಮೇಲೆ ಕೇಳಿದರೆ ಅವನು ನಗುತ್ತಾನೆ. ರೇಟಿನಲ್ಲಿ ಅದನ್ನು ಕಡಿಸುವುದೂ ಬೇಡ.

ಬೆಲ್ಟಿಗೆ ಕೆಲವು ಸಾವಿರ ರೂಪಾಯಿ. ವರ್ಷಕ್ಕೆ ಎರಡು ದಿನದ ಕೆಲಸಕ್ಕೆ ಮನೆಗೊಂದು ಕೊಳ್ಳುವುದು ಕಷ್ಟವೇ. ಮದುವೆಗೆಂದು ದೊಡ್ಡ ಪಾತ್ರೆ, ಕುರ್ಚಿ ಇಟ್ಟುಕೊಂಡ ಜಮಾಅತ್‌ಗಳು ಉಂಟಲ್ಲ, ಅದೇ ಕೋಣೆಯಲ್ಲಿ ನಾಲ್ಕು ಬೆಲ್ಟ್, ಒಳ್ಳೆಯ ಹಗ್ಗ, ಎರಡು ಹಲಗೆ ಇಡಬಹುದು. ಗಲ್ಫಿನಿಂದ ಮರಳಿದ ಸೇಫ್ಟಿ ಗೊತ್ತಿರುವ ಒಬ್ಬರ ಕೈಗೆ ಅದರ ಬೀಗದ ಕೈ ಕೊಡಲಿ. ಹೊಲಿಗೆ ಬಿಟ್ಟದ್ದನ್ನು, ಒಮ್ಮೆ ಬಿದ್ದವನನ್ನು ತಡೆದು ಹಿಡಿದದ್ದನ್ನು ಅವರು ಮತ್ತೆ ಯಾರಿಗೂ ಕೊಡದೆ ಕತ್ತರಿಸಿ ಬಿಸಾಡಬೇಕು.